ಅತ್ತೆಯ ಜೌಗು, ಅಳಿಯನ ಕ್ಯಾಮೆರಾ

ಮೋಲ್ವಿಕ್ ಬಂದರಿನಲ್ಲಿ ಒಡ್ವಾರನಷ್ಟು ಓದಿಕೊಂಡವರು ಯಾರೂ ಇಲ್ಲ, ಒಡ್ವಾರನಷ್ಟು ದಾರಿ ತಪ್ಪಿದವರೂ ಯಾರೂ ಇಲ್ಲ. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಭೂಗೋಳ ಪಾಠ ಹೇಳಿ ನಿವೃತ್ತನಾದ ಮನುಷ್ಯ. ಬ್ರೆಜಿಲ್ ದೇಶದ ನದಿಗಳನ್ನೆಲ್ಲ ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಾನೆ. ಮೀನು ಹಿಡಿಯಲು ಹೋದ ದೋಣಿಯನ್ನು ಮನೆಗೆ ತರುವುದು ಯಾವ ಕಡೆಯಿಂದ ಎಂಬುದನ್ನು ಮಾತ್ರ ಹೆಂಡತಿಗೆ ಫೋನು ಮಾಡಿ ಕೇಳುತ್ತಾನೆ. ಪಾಪ, ತಪ್ಪು ಅವನದಲ್ಲ. ಅವನು ದಕ್ಷಿಣದವನು, ಓಸ್ಲೋದಿಂದಲೂ ಆಚೆ ಕಾಡಿನ ಊರಿನವನು. ನಾರ್ವೆಯ ಈ ಉತ್ತರದ ದ್ವೀಪಗಳಲ್ಲಿ ನಾವು ಮನುಷ್ಯರನ್ನು ಎರಡೇ ಬಗೆ ಮಾಡಿದ್ದೇವೆ: ಇಲ್ಲಿಯವರು, ದಕ್ಷಿಣದವರು. ಇಲ್ಲಿಯ ಗುನ್ವೋರಳನ್ನು ಮದುವೆಯಾಗಿ ಮೂವತ್ತೊಂದು ವರ್ಷ ಇಲ್ಲಿಯ ಗಾಳಿಯನ್ನೇ ಕುಡಿದರೂ ಅವನ ಬಗೆ ಬದಲಾಗಲಿಲ್ಲ.

'ಅಳಿಯ ಅಲ್ಲ, ಮಗಳ ಗಂಡ' ಎಂಬ ಗಾದೆ ಇದೆಯಲ್ಲ, ಎರಡೂ ಒಂದೇ ಎಂದು ನಗುವುದಕ್ಕೆ ಹೇಳುವ ಮಾತು. ಗುನ್ವೋರಳ ತಾಯಿ ಬೋರ್ಗಿಲ್ಡರ ಪಾಲಿಗೆ ಎರಡೂ ಬೇರೆ ಬೇರೆ. ಒಡ್ವಾರ ಮಗಳ ಗಂಡನೇ ಹೊರತು ಅಳಿಯನಲ್ಲ. ಅಳಿಯನಾಗಿದ್ದರೆ ಮುಲ್ತೆ ಹಣ್ಣಿನ ಜಾಗ ಹೇಳುತ್ತಿದ್ದರು.

ಮುಲ್ತೆ ಎಂದರೆ ಜೌಗು ನೆಲದಲ್ಲಿ ಬಿಳಿ ಹೂವಿನ ಗೇಣುದ್ದದ ಗಿಡಕ್ಕೆ ಒಂದೇ ಒಂದು ಬಿಡುವ ಕೇಸರಿ ಬಣ್ಣದ ಹಣ್ಣು. ನೆಟ್ಟರೆ ಬೆಳೆಯುವುದಿಲ್ಲ, ತಾನಾಗಿ ಬೆಳೆದಲ್ಲಿ ಹುಡುಕಿಕೊಂಡು ಹೋಗಬೇಕು. ಕ್ರಿಸ್‌ಮಸ್ ಊಟಕ್ಕೆ ಕೆನೆಯಲ್ಲಿ ಕಲಸಿದ ಮುಲ್ತೆ ಇಲ್ಲದ ಮನೆಯನ್ನು ನಾವು ಮನೆ ಎನ್ನುವುದಿಲ್ಲ. ಗಂಡ ಹೆಂಡಿರ ಜಗಳ, ಹೊಟ್ಟೆಯ ಹುಣ್ಣು, ಬ್ಯಾಂಕಿನ ಕಾಗದ, ಎಲ್ಲವನ್ನೂ ಕಾಫಿಯ ಜೊತೆ ಹಂಚಿಕೊಳ್ಳುವ ಜನ ನಾವು. ಮುಲ್ತೆಯ ಮಾತು ಬಂದರೆ ಮಾತ್ರ ಎಲ್ಲರೂ ಹವಾಮಾನದ ಬಗ್ಗೆ ಮಾತಾಡಲು ಶುರು ಮಾಡುತ್ತೇವೆ. ಜಾಗ ಗೊತ್ತಿದ್ದವರು ಸಾಯುವಾಗ ಮಕ್ಕಳಲ್ಲಿ ಒಬ್ಬರ ಕಿವಿಯಲ್ಲಿ ಹೇಳಿ ಕಣ್ಣು ಮುಚ್ಚುತ್ತಾರೆ. ಕೆಲವರು ಹೇಳದೆಯೇ ಮುಚ್ಚಿದ್ದೂ ಉಂಟು.

ಈ ವರ್ಷ ಜೂನ್ ತಿಂಗಳ ಒಂದು ಮಧ್ಯಾಹ್ನ ಬೋರ್ಗಿಲ್ಡರು ಒಡ್ವಾರನಿಗೆ ಒಬ್ಬನೇ ಬಾ ಎಂದು ಹೇಳಿ ಕಳಿಸಿದರು. ಎಂಬತ್ಮೂರು ವಯಸ್ಸಿನ ಹೆಂಗಸು, ತಮ್ಮ ಸಣ್ಣ ದೋಣಿಯ ಎಂಜಿನ್ ತಾವೇ ಬಿಚ್ಚಿ ತಾವೇ ಜೋಡಿಸುವವರು. ಒಡ್ವಾರ ಹೋಗಿ ಕೂತ. ಅವರು ಕಾಫಿ ಬಗ್ಗಿಸಿದರು, ಕಿಟಕಿ ಮುಚ್ಚಿದರು, ರೇಡಿಯೋ ಆರಿಸಿದರು, ಬೆಕ್ಕನ್ನು ಹೊರಗೆ ಹಾಕಿ ಅಗುಳಿ ಹಾಕಿದರು. ತನಗೇನೋ ವಾಸಿಯಾಗದ ಕಾಯಿಲೆ ಇದೆ, ಡಾಕ್ಟರು ಮೊದಲು ಅತ್ತೆಗೆ ತಿಳಿಸಿದ್ದಾರೆ ಎಂದುಕೊಂಡ ಒಡ್ವಾರ ಲೋಟ ಕೆಳಗಿಟ್ಟ.

"ನನಗೆ ವಯಸ್ಸಾಯ್ತು," ಎಂದರು ಬೋರ್ಗಿಲ್ಡರು. "ಸ್ಕಾರ್ವ್ ದ್ವೀಪದಲ್ಲಿ ಎರಡು ಗುಡ್ಡದ ಸಂದೀಲಿ ಒಂದು ಜೌಗಿದೆ. ನಮ್ಮಜ್ಜಿ ಕಾಲದಿಂದ ಅದು ನಮ್ಮದು. ಇದು ನಿನ್ನ ಹೊಟ್ಟೇಲೇ ಇರ್ಲಿ. ಗುನ್ವೋರ್ ಹತ್ರಾನೂ ಬಾಯಿ ಬಿಡ್ಬೇಡ."

ಅದೇ ಸಂಜೆ ಅವನನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಗುಡ್ಡ ಹತ್ತಿಸಿ ಕೆಳಗೆ ತೋರಿಸಿದರು. ಜೌಗಿನ ತುಂಬ ಬೆಳ್ಳಗೆ ಏನೋ ತೂಗಾಡುತ್ತಿತ್ತು. ಹೂವು, ಇಷ್ಟೊಂದು ಹೂವು, ಎಂದು ಒಡ್ವಾರನಿಗೆ ಕಣ್ಣು ತುಂಬಿ ಬಂತು. ಅತ್ತೆ "ನೋಡ್ಕೊಂಡ್ಯಾ?" ಎಂದು ಮಾತ್ರ ಕೇಳಿ ಇಳಿದು ಹೊರಟರು. ಮೂವತ್ತೊಂದು ವರ್ಷದ ಮೇಲೆ ತಾನು ಅಳಿಯನಾದೆ ಎಂದು ಅವನು ಹಿಂದೆ ಹಿಂದೆ ಮೂಗು ಒರೆಸಿಕೊಳ್ಳುತ್ತ ನಡೆದ.

ಆದರೆ ತನ್ನ ತಲೆಯ ಮೇಲೆ ಅವನಿಗೆ ನಂಬಿಕೆ ಇಲ್ಲ, ಅದೊಂದು ಅವನಲ್ಲಿರುವ ದೊಡ್ಡ ಗುಣ. ಆಗಸ್ಟ್ ಬರುವಷ್ಟರಲ್ಲಿ ಯಾವ ದ್ವೀಪ, ಯಾವ ಗುಡ್ಡ ಎಂದು ಮರೆತರೆ ಮತ್ತೆ ಕೇಳುವುದು ಹೇಗೆ? ಅವನ ದೋಣಿಯಲ್ಲಿ ಸಮುದ್ರದ ನಕ್ಷೆ ತೋರಿಸುವ ಪರದೆ ಒಂದಿತ್ತು. ಅದರ ಮೇಲೆ ಬೆರಳಿಟ್ಟು ಜೌಗಿನ ಜಾಗಕ್ಕೆ ಒಂದು ಗುರುತು ಹಾಕಿದ. ಹೆಸರು ಕೇಳಿತು. ಮುಲ್ತೆ ಎಂದು ಬರೆಯಲು ಅವನೇನು ದಡ್ಡನೇ? ಪಟ್ಟಿಯಲ್ಲಿದ್ದ ಕೆಂಪು ತ್ರಿಕೋನ ಆರಿಸಿ 'ಅಪಾಯ, ಬಂಡೆ' ಎಂದು ಬರೆದ. ಅಪಾಯ ಎಂದು ಓದಿದವರು ಹತ್ತಿರ ಸುಳಿಯುವುದಿಲ್ಲ ಎಂದು ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಅವನ ಪರದೆಯಲ್ಲಿದ್ದ ಅಪಾಯದ ಗುರುತು ಅದೊಂದೇ. ನಿಜವಾದ ಬಂಡೆಗಳನ್ನು ಅವನು ತಗುಲಿಸಿಕೊಂಡೇ ತಿಳಿದುಕೊಳ್ಳುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ದಕ್ಕೆಯಲ್ಲಿ ಅವನ ಪಕ್ಕ ದೋಣಿ ಕಟ್ಟುವವನು ಹಿಲ್ಮಾರ್, ಐವತ್ತು ವರ್ಷ ಕಾಡ್ ಮೀನು ಹಿಡಿದು ಈಗ ಮನೆಯಲ್ಲಿರುವ ಮುದುಕ. ಒಡ್ವಾರ ಹಗ್ಗ ಬಿಚ್ಚಿದಾಗಲೆಲ್ಲ "ಮಾಷ್ಟ್ರೇ, ಸಮುದ್ರ ಈ ಕಡೆ" ಎಂದು ಕೈ ತೋರಿಸುವುದು ಅವನ ದಿನದ ಕೆಲಸ. ಈ ಮಾತಿಗೆ ಒಮ್ಮೆಯಾದರೂ ಉತ್ತರ ಕೊಡಬೇಕೆಂದು ಒಡ್ವಾರ ಬೂದೋ ಪಟ್ಟಣದ ದೋಣಿ ಪ್ರದರ್ಶನಕ್ಕೆ ಹೋದವನು ಒಂದು ಕ್ಯಾಮೆರಾ ಹೊತ್ತು ತಂದ. ದೊಡ್ಡ ಹಡಗುಗಳ ನೆತ್ತಿಯ ಮೇಲೆ ಇರುವಂಥದ್ದು, ಕತ್ತಲಲ್ಲೂ ಮಂಜಿನಲ್ಲೂ ಕಾಣುವಂಥದ್ದು, ಕುಂಬಳಕಾಯಿ ಗಾತ್ರದ ಬಿಳಿ ಗುಂಡು, ನಡುವೆ ಒಂದು ಕಪ್ಪು ಕಣ್ಣು. ಅಲೆ ಎಷ್ಟೇ ಎತ್ತಿ ಹಾಕಿದರೂ ಅದರ ಕಣ್ಣು ನೋಡಿದ್ದನ್ನೇ ನೋಡುತ್ತ ನಿಲ್ಲುತ್ತದೆ, ಚಿತ್ರ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಇಪ್ಪತ್ತೆರಡು ಅಡಿಯ ಮರದ ದೋಣಿಗೆ ಇದು ಯಾಕೆ ಎಂದು ಗುನ್ವೋರ್ ಕೇಳಿದಳು. ಸುರಕ್ಷತೆಗೆ ಎಂದ. ಯಾರ ಸುರಕ್ಷತೆಗೆ ಎಂದು ಅವಳು ಮತ್ತೆ ಕೇಳಲಿಲ್ಲ. ಒಳ್ಳೆಯ ಹೆಂಗಸು.

ಅದನ್ನು ಕೂರಿಸಲು ಎರಡೂವರೆ ದಿನ ಹಿಡಿಯಿತು. ಮೊದಲ ದಿನ ಕಂಬಕ್ಕೆ ತೂತು ಕೊರೆದ, ತಪ್ಪು ಕಡೆ ಕೊರೆದ, ಮತ್ತೆ ಕೊರೆದ. ಕೇಬಲನ್ನು ಚಾವಣಿಯಿಂದ ನಕ್ಷೆಯ ಪರದೆಯವರೆಗೆ ಎಳೆದಾಗ ಒಂದು ಮೊಳ ಸಾಲಲಿಲ್ಲ. ಎರಡನೇ ದಿನ ಚಿತ್ರ ಬಂತು. ದಕ್ಕೆಯಲ್ಲಿದ್ದವರನ್ನೆಲ್ಲ ಕರೆದ, ಆರು ಜನ ಕಾಫಿ ಲೋಟ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದರು. ನೀರು ಮೇಲಿತ್ತು, ಆಕಾಶ ಕೆಳಗಿತ್ತು, ಕಡಲಕಾಗೆಗಳು ಬೆನ್ನ ಮೇಲೆ ಹಾರುತ್ತಿದ್ದವು. ಗುಂಡನ್ನು ಅವನು ಚಾವಣಿಯ ಮೇಲೆ ನಿಲ್ಲಿಸಿದ್ದ, ಪರದೆಗೆ ಮಾತ್ರ ಅದು ತಲೆಕೆಳಗಾಗಿ ನೇತಾಡುತ್ತಿದೆ ಎಂದು ಹೇಳಿಟ್ಟಿದ್ದ.

"ಒಳ್ಳೇದೇ ಆಯ್ತು," ಎಂದ ಹಿಲ್ಮಾರ್. "ಸಮುದ್ರ ಮೇಲಿದ್ರೆ ಗಾಳ ಹಾಕೋ ಕೆಲ್ಸ ಇಲ್ಲ. ಬಕೆಟ್ ಹಿಡ್ಕೊಂಡು ನಿಂತ್ರೆ ಮೀನು ತಾವೇ ಬೀಳ್ತವೆ."

ಮೂರನೇ ದಿನ ಅವನು ನೂರ ನಲವತ್ತು ಪುಟದ ಕೈಪಿಡಿಯನ್ನು ಮಡಿಚಿ ಅದರ ಮೇಲೆ ಕೂತು, ಪರದೆ ಕೇಳಿದ ಪ್ರತಿ ಪ್ರಶ್ನೆಗೂ 'ಹೌದು' ಎಂದು ಒತ್ತಿದ. ಮಕ್ಕಳಿಗೆ ಪ್ರಶ್ನೆ ಅರ್ಥ ಮಾಡಿಕೊಳ್ಳದೆ ಉತ್ತರ ಬರೆಯಬೇಡಿ ಎಂದು ಮೂವತ್ನಾಲ್ಕು ವರ್ಷ ಬೈದವನು ಇವನೇ. ಪ್ರಶ್ನೆಗಳ ನಡುವೆ ಒಂದು ಹೀಗಿತ್ತು: 'ಬಿಡುವಿದ್ದಾಗ ಕ್ಯಾಮೆರಾ ಅಪಾಯದ ಗುರುತುಗಳನ್ನು ಕಾಯಬೇಕೇ?' ಕಾಯಬೇಡ ಎಂದು ಯಾವ ಬುದ್ಧಿವಂತ ಹೇಳುತ್ತಾನೆ? ಒತ್ತಿದ. ಚಿತ್ರ ನೆಟ್ಟಗಾಯಿತು. ಹಿಲ್ಮಾರನೂ ಇನ್ನಿಬ್ಬರೂ ದೋಣಿಯ ಅಂಚು ಹಿಡಿದು ಅಲ್ಲಾಡಿಸಿದರು, ಒಳಗಿದ್ದ ಲೋಟಗಳು ಉರುಳಿದವು, ಒಡ್ವಾರನೂ ಉರುಳಿದ. ಪರದೆಯ ಮೇಲಿನ ದೀಪಸ್ತಂಭ ಮಾತ್ರ ಮಿಸುಕಲಿಲ್ಲ. ಹಿಲ್ಮಾರ್ ದೋಣಿಯ ಅಂಚು ಬಿಟ್ಟು ಮನೆಗೆ ಹೊರಟ. ಅದು ಒಡ್ವಾರನ ಬಾಳಿನ ಅತ್ಯಂತ ಸುಖದ ಮಧ್ಯಾಹ್ನ.

ಮರುದಿನದಿಂದ ಕ್ಯಾಮೆರಾ ತನ್ನ ಧರ್ಮ ಪಾಲಿಸತೊಡಗಿತು. ಎರಡು ನಿಮಿಷ ಯಾರೂ ಅದನ್ನು ಮುಟ್ಟದಿದ್ದರೆ ಸಣ್ಣಗೆ ಗುಂಯ್ ಎಂದು ಕತ್ತು ತಿರುಗಿಸಿ, ಅಪಾಯ ಇದ್ದ ಕಡೆ ಕಣ್ಣು ನೆಟ್ಟು ನಿಲ್ಲುತ್ತಿತ್ತು. ಸ್ಕಾರ್ವ್ ದ್ವೀಪ ಮೂರು ಮೈಲಿ ಆಚೆ. ಒಡ್ವಾರ ದೋಣಿ ಕಟ್ಟುವ ಜಾಗಕ್ಕೂ ಆ ದ್ವೀಪಕ್ಕೂ ನಡುವೆ, ಸರಿಯಾಗಿ ಅದೇ ಗೆರೆಯ ಮೇಲೆ, ಪೆಟ್ರಾ ಎಂಬ ವಿಧವೆಯ ಮಲಗುವ ಕೋಣೆಯ ಕಿಟಕಿ ಇತ್ತು.

ಪೆಟ್ರಾಳಿಗೆ ಎಪ್ಪತ್ನಾಲ್ಕು. ಮೊದಲ ದಿನ ಪರದೆ ಎಳೆದಳು. ಎರಡನೇ ದಿನ ಪರದೆ ಸರಿಸಿ ಜೆರೇನಿಯಂ ಹೂವಿನ ಕುಂಡ ಇಟ್ಟಳು. ಮೂರನೇ ದಿನ ಹಬ್ಬಕ್ಕೆ ಮಾತ್ರ ಹಾಕುವ ಉಣ್ಣೆಯ ಅಂಗಿ ತೊಟ್ಟು, ಕೂದಲು ಸುರುಳಿ ಮಾಡಿಕೊಂಡು, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಿಟಕಿಯಲ್ಲಿ ನಿಂತು ಕೈ ಬೀಸಿದಳು. ಒಡ್ವಾರ ಸಭ್ಯ ಮನುಷ್ಯ. ಯಾರಾದರೂ ಕೈ ಬೀಸಿದರೆ ತಿರುಗಿ ಬೀಸುತ್ತಾನೆ. ಬೀಸಿದ. ಬಂದರು ಪೂರ್ತಿ ಅದನ್ನು ನೋಡಿತು.

ಗುನ್ವೋರಳಿಗೆ ಅಂಗಡಿಯಲ್ಲಿ ಸುದ್ದಿ ಮುಟ್ಟಿತು. ಅವಳು ಮನೆಗೆ ಬಂದು ಕೂಗಾಡಲಿಲ್ಲ. ಕಂದು ಚೀಸ್ ಹೆರೆಯುತ್ತ, ಪೆಟ್ರಾಳ ಸೊಂಟ ನೋವು ಹೇಗಿದೆಯಂತೆ, ಕಂಡರೆ ಕೇಳಿ, ಹೇಗೂ ದಿನಾ ನೋಡುತ್ತೀರಲ್ಲ ಎಂದಳು. ಒಡ್ವಾರ ಬ್ರೆಡ್ಡು ಬಿಟ್ಟು ದಕ್ಕೆಗೆ ಓಡಿದ. ಕೋಲು ಹಿಡಿದು ಕಣ್ಣನ್ನು ತೆರೆದ ಸಮುದ್ರದ ಕಡೆ ತಿರುಗಿಸಿದ. ಎರಡು ನಿಮಿಷಕ್ಕೆ ಅದು ಗುಂಯ್ ಎಂದು ಪೆಟ್ರಾಳ ಕಡೆ ತಿರುಗಿತು. ಮತ್ತೆ ತಿರುಗಿಸಿದ, ಮತ್ತೆ ತಿರುಗಿತು. ಎಂಟು ಸಲ ಹೀಗಾದ ಮೇಲೆ, ದೋಣಿಯನ್ನೇ ಬಂದರಿನ ಆ ಕೊನೆಗೆ ಒಯ್ದು ಕಟ್ಟಿದರೆ ಪೀಡೆ ಕಳೆಯಿತು ಎಂದುಕೊಂಡ.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂದಿತಂತೆ. ಆ ಕೊನೆಯಿಂದ ಸ್ಕಾರ್ವ್ ದ್ವೀಪಕ್ಕೆ ಗೆರೆ ಎಳೆದರೆ ನಡುವೆ ಸಿಗುವುದು ಹಿಲ್ಮಾರನ ದೋಣಿಮನೆ. ಅದಕ್ಕೆ ಪುರಸಭೆ ಒಂಬತ್ತು ಮೀಟರ್ ಉದ್ದಕ್ಕೆ ಒಪ್ಪಿಗೆ ಕೊಟ್ಟಿತ್ತು. ಹಿಲ್ಮಾರ್ ಹನ್ನೆರಡು ಕಟ್ಟಿದ್ದ. ಇಪ್ಪತ್ತು ವರ್ಷದಿಂದ ಯಾರೂ ಕೇಳಿರಲಿಲ್ಲ, ಅವನೂ ಮರೆತಿದ್ದ. ಈಗ ಬಿಳಿ ಗುಂಡೊಂದು ದಕ್ಕೆಯ ಕೊನೆಯಿಂದ ಬೆಳಿಗ್ಗೆಯಿಂದ ಸಂಜೆಯವರೆಗೆ ರೆಪ್ಪೆ ಹೊಡೆಯದೆ ತನ್ನ ಗೋಡೆಯನ್ನೇ ನೋಡುತ್ತಿದೆ. ಮಾಷ್ಟ್ರನಂಥ ದಾರಿ ತಪ್ಪಿದ ಮನುಷ್ಯನಿಗೆ ಇಂಥ ಕ್ಯಾಮೆರಾ ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಯೋಚಿಸಿದ. ಸರ್ಕಾರವೇ ಕೊಟ್ಟಿರಬೇಕು ಎಂದು ತೀರ್ಮಾನಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಶನಿವಾರ ಬೆಳಿಗ್ಗೆ ಗರಗಸದ ಸದ್ದು ಕೇಳಿತು. ಮಧ್ಯಾಹ್ನದ ಹೊತ್ತಿಗೆ ಹಿಲ್ಮಾರನ ದೋಣಿಮನೆ ಒಂಬತ್ತು ಮೀಟರ್ ಇತ್ತು, ಒಳಗಿಟ್ಟಿದ್ದ ಅವನ ಹಳೆಯ ದೋಣಿಯ ಮೂಗು ಒಂದು ಮೀಟರ್ ಹೊರಗೆ ಮಳೆಯಲ್ಲಿತ್ತು.

ಸಂಜೆ ಅವನು ಒಡ್ವಾರನ ಎದುರು ಬಂದು ನಿಂತ. "ಅಳೆದು ನೋಡಿ ಸಾರ್," ಎಂದ. ಇಷ್ಟು ವರ್ಷದಲ್ಲಿ ಹಿಲ್ಮಾರ್ ಅವನನ್ನು ಸಾರ್ ಎಂದದ್ದು ಇದೇ ಮೊದಲು. ಒಡ್ವಾರನಿಗೆ ತಲೆಬುಡ ತಿಳಿಯಲಿಲ್ಲ. ಮೇಷ್ಟರ ಅಭ್ಯಾಸದಂತೆ, ಚೆನ್ನಾಗಿದೆ, ಮುಂದುವರಿಸಿ ಎಂದ. ಹಿಲ್ಮಾರ್ ಮನೆಗೆ ಹೋಗಿ, ಇನ್ನೇನು ಮುಂದುವರಿಸುವುದು ಎಂದು ಚಿಂತೆಯಲ್ಲಿ ಊಟ ಬಿಟ್ಟನಂತೆ.

ಹೀಗೆ ಒಬ್ಬಳು ಹೂವಿಡುವುದೂ ಒಬ್ಬ ಗೋಡೆ ಕೊಯ್ಯುವುದೂ ನಡೆದಾಗ ಬಂದರಿನ ಅಧಿಕಾರಿ ಯೋರುನ್ ಬರಲೇಬೇಕಾಯಿತು. ಯೋರುನ್ ಮಾತು ಕಡಿಮೆಯ, ಅಳತೆ ಜಾಸ್ತಿಯ ಹೆಂಗಸು. ಹಳೆಯ ಕಾಗದದ ನಕ್ಷೆ, ದಿಕ್ಸೂಚಿ, ಪೆನ್ಸಿಲ್ ಹಿಡಿದು ಬಂದಳು. ಅವಳ ಹಿಂದೆ ಪೆಟ್ರಾ, ಹಿಲ್ಮಾರ್, ಮತ್ತೆ ಆ ಹೊತ್ತಿಗೆ ಬೇರೆ ಕೆಲಸ ಇಲ್ಲದ ಮೋಲ್ವಿಕ್‌ನ ಎಲ್ಲರೂ ಬಂದರು. ಆ ಹೊತ್ತಿಗೆ ಮೋಲ್ವಿಕ್‌ನಲ್ಲಿ ಯಾರಿಗೂ ಬೇರೆ ಕೆಲಸ ಇರಲಿಲ್ಲ.

ತಾನು ಯಾರನ್ನೂ ನೋಡುತ್ತಿಲ್ಲ, ಈ ಯಂತ್ರ ತನ್ನ ಪಾಡಿಗೆ ತಾನು ಯಾವುದನ್ನೋ ನೋಡುತ್ತಿದೆ ಎಂದು ಒಡ್ವಾರ ಆಣೆ ಇಟ್ಟ. ಸರಿ, ಯಾವುದನ್ನು ನೋಡುತ್ತಿದೆ ಎಂದು ಕಂಡುಹಿಡಿಯೋಣ, ನಿನ್ನ ಮಾನ ಉಳಿಯುತ್ತದೆ ಎಂದಳು ಯೋರುನ್. ಒಡ್ವಾರ ಅದಕ್ಕೆ ಧನ್ಯವಾದ ಹೇಳಿದ್ದು ದಾಖಲೆಗಿರಲಿ. ಅವಳು ಕ್ಯಾಮೆರಾದ ಮೂಗಿನ ನೇರಕ್ಕೆ ದಿಕ್ಸೂಚಿ ಹಿಡಿದು ನಕ್ಷೆಯ ಮೇಲೆ ಒಂದು ಗೆರೆ ಎಳೆದಳು. ದೋಣಿಯನ್ನು ಹಳೆಯ ಜಾಗಕ್ಕೆ ತರಿಸಿ ಇನ್ನೊಂದು ಗೆರೆ ಎಳೆದಳು. ಒಂದು ಗೆರೆ ಪೆಟ್ರಾಳ ಕಿಟಕಿ ದಾಟಿ ಹೋಯಿತು, ಇನ್ನೊಂದು ಹಿಲ್ಮಾರನ ದೋಣಿಮನೆ ದಾಟಿ ಹೋಯಿತು. ಎರಡೂ ಸಮುದ್ರ ದಾಟಿ ಒಂದನ್ನೊಂದು ಮುಟ್ಟಿದ್ದು ಸ್ಕಾರ್ವ್ ದ್ವೀಪದ ಎರಡು ಗುಡ್ಡಗಳ ಸಂದಿನಲ್ಲಿ. ಯೋರುನ್ ಅಲ್ಲೊಂದು ಸಣ್ಣ ಕತ್ತರಿ ಗುರುತು ಹಾಕಿ ತಲೆ ಎತ್ತಿದಳು.

"ಇಲ್ಲೇನಿದೆ?"

ಒಡ್ವಾರನ ಕಿವಿಯವರೆಗೂ ರಕ್ತ ಏರಿತು. "ಬಂಡೆ," ಎಂದ.

"ನೀರಿಂದ ಆರ್ನೂರು ಮೀಟರ್ ಒಳಗೆ? ಗುಡ್ಡದ ಮಧ್ಯೆ?"

"ಅಪಾಯದ ಬಂಡೆ," ಎಂದ ಒಡ್ವಾರ. ದನಿ ಅವನಿಗೇ ಕೇಳಲಿಲ್ಲ.

ಜುಲೈ ತಿಂಗಳಲ್ಲಿ ಒಬ್ಬ ಮನುಷ್ಯ ಜೌಗಿಗೆ ಗುರುತು ಹಾಕಿಕೊಂಡು ಅದರ ಬಗ್ಗೆ ಸುಳ್ಳು ಹೇಳುತ್ತಾನೆ ಎಂದರೆ ಕಾರಣ ಒಂದೇ. ಅದೂ ಬೋರ್ಗಿಲ್ಡರ ಮಗಳ ಗಂಡ. ಯಾರೂ ಆ ಶಬ್ದ ಆಡಲಿಲ್ಲ. ಹಿಲ್ಮಾರ್ ಆಕಾಶ ನೋಡಿ, ನಾಳೆ ಗಾಳಿ ಬದಲಾಗಬಹುದು ಎಂದ. ಪೆಟ್ರಾ, ಹೌದು, ಬದಲಾಗಬಹುದು ಎಂದಳು. ಎಲ್ಲರಿಗೂ ಒಟ್ಟಿಗೇ ಒಲೆಯ ಮೇಲೆ ಏನೋ ಇಟ್ಟುಬಂದದ್ದು ನೆನಪಾಯಿತು. ಯೋರುನ್ ಕೂಡ ನಕ್ಷೆಯನ್ನು ಬಹಳ ಜಾಗ್ರತೆಯಿಂದ ಮಡಿಚಿ, ಕಚೇರಿಯ ಚೀಲಕ್ಕೆ ಹಾಕದೆ ಸ್ವಂತ ಜೇಬಿಗೆ ಹಾಕಿಕೊಂಡಳು.

ಆ ಜೌಗಿನಲ್ಲಿ ಏನೂ ಬೆಳೆಯುವುದಿಲ್ಲ ಎಂದು ನಾವೆಲ್ಲ ಹುಟ್ಟಿದಾಗಿನಿಂದ ಕೇಳಿದ್ದೆವು. ಆದರೆ ಹೇಳಿದ್ದು ಯಾರು ಎಂದು ಆ ರಾತ್ರಿ ಮನೆ ಮನೆಯಲ್ಲೂ ಲೆಕ್ಕ ಹಾಕಿದೆವು. ನಮಗೆ ಹೇಳಿದ್ದು ನಮ್ಮ ಅಜ್ಜ; ಅಜ್ಜನಿಗೆ ಹೇಳಿದ್ದು ಬೋರ್ಗಿಲ್ಡರ ಅಜ್ಜಿ. ಏನು ಪಾಕಡಾ ಮುದುಕಿ ಎಂದುಕೊಂಡೆವು. ಮುಲ್ತೆಯ ವಿಷಯದಲ್ಲಿ ಯಾರೂ ಹೇಳಿದ್ದನ್ನು ನಂಬಬಾರದು ಎನ್ನುವಷ್ಟು ಬುದ್ಧಿ ನಮಗೆ ಇದೆ.

ಒಡ್ವಾರ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಅತ್ತೆಗೆ ಹೇಳಿಬಿಡೋಣ ಎಂದು ಮೂರು ಸಲ ಅವರ ಗೇಟಿನವರೆಗೆ ಹೋಗಿ, ಮೂರು ಸಲವೂ ಬೆಕ್ಕಿನ ಮೈ ಸವರಿ ವಾಪಸು ಬಂದ. ಮೂರು ತಲೆಮಾರು ಕಾದ ಗುಟ್ಟನ್ನು ಮೂರು ವಾರ ಕಾಯಲಾಗಲಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಗುರುತು ಅಳಿಸೋಣ ಎಂದರೆ ತನಗೇ ದಾರಿ ಮರೆತುಹೋಗುವ ಭಯ. ಕ್ಯಾಮೆರಾ ಆರಿಸಿದ, ಅದು ಆ ದಿಕ್ಕಿಗೇ ಮುಖ ಮಾಡಿ ಕಣ್ಣು ತೆರೆದುಕೊಂಡೇ ಸತ್ತಿತು. ಮತ್ತೆ ಹಚ್ಚಿ, ಗುನ್ವೋರ್ ಹೆಣೆದ ಉಣ್ಣೆಯ ಟೋಪಿಯನ್ನು ಅದಕ್ಕೆ ಕಿವಿ ಮುಚ್ಚುವ ಹಾಗೆ ಹಾಕಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಟೋಪಿಯ ಕೆಂಪು ಕುಚ್ಚು ಎದುರಿಗೆ ಬಂದಿತ್ತು. ದೋಣಿ ನೀರಿನಲ್ಲಿ ಎಷ್ಟು ಹೊರಳಿದರೂ ಕುಚ್ಚು ಮಾತ್ರ ಸ್ಕಾರ್ವ್ ದ್ವೀಪವನ್ನೇ ತೋರಿಸುತ್ತಿತ್ತು, ಈಗ ಇನ್ನೂ ದೂರದಿಂದ ಕಾಣುತ್ತಿತ್ತು.

ಕೊನೆಗೆ ಒಂದು ಉಪಾಯ ಹೊಳೆಯಿತು. ಬೇರೊಂದು ದ್ವೀಪದಲ್ಲಿ ಸುಳ್ಳು ಗುರುತು ಹಾಕಿ ಕ್ಯಾಮೆರಾವನ್ನು ಆ ಕಡೆ ತಿರುಗಿಸಿದ, ಎಲ್ಲರಿಗೂ ಕೇಳುವಂತೆ ಆಹಾ, ಈಗ ಸರಿಯಾಯಿತು ಎಂದ. ಬಂದರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಯವರೆಗೆ ಅನುಮಾನ ಇಟ್ಟುಕೊಂಡಿದ್ದ ಒಬ್ಬಿಬ್ಬರಿಗೂ ಈಗ ಸ್ಕಾರ್ವ್ ದ್ವೀಪವೇ ಎಂದು ಖಾತ್ರಿಯಾಯಿತು.

ಆಗಸ್ಟ್ ಮೊದಲ ವಾರ ಹಣ್ಣು ಮೆತ್ತಗಾಗುವ ಹೊತ್ತು. ಒಡ್ವಾರ ಒಂದು ನಿರ್ಧಾರಕ್ಕೆ ಬಂದ. ಎಲ್ಲರಿಗಿಂತ ಮೊದಲು ಹೋಗಿ ಇಡೀ ಜೌಗನ್ನು ಒಬ್ಬನೇ ಕಿತ್ತು, ಹಣ್ಣನ್ನು ಅತ್ತೆಯ ಬಾಗಿಲಲ್ಲಿಟ್ಟು, ಆಮೇಲೆ ತಪ್ಪು ಒಪ್ಪಿಕೊಳ್ಳುವುದು. ಜಾಗ ಹೋದರೂ ಈ ವರ್ಷದ ಹಣ್ಣಾದರೂ ಅವರಿಗೆ ಸಿಗಲಿ. ಬುಧವಾರ ಬೆಳಿಗ್ಗೆ ಐದಕ್ಕೆ ಸುಳ್ಳು ಗುರುತು ಅಳಿಸಿ, ಒಂಬತ್ತು ಖಾಲಿ ಬಕೆಟ್ಟು ದೋಣಿಗೆ ಹೇರಿಕೊಂಡು ಹೊರಟ. ದಟ್ಟ ಮಂಜು, ತನ್ನ ದೋಣಿಯ ಮೂತಿಯೇ ತನಗೆ ಕಾಣದು. ಆದರೆ ಟೋಪಿ ತೆಗೆದ ಕ್ಯಾಮೆರಾ ಮಂಜನ್ನು ಸೀಳಿಕೊಂಡು ನೋಡಿತು. ಪರದೆಯ ಮೇಲೆ ಬಂಡೆಗಳು, ಕಂಬಗಳು, ಸ್ಕಾರ್ವ್ ದ್ವೀಪದ ಕೊಲ್ಲಿ ಒಂದೊಂದಾಗಿ ಅಲುಗದೆ ಬಂದವು. ಹೆಂಡತಿಗೆ ಫೋನು ಮಾಡದೆ ಒಡ್ವಾರ ಒಂದು ದ್ವೀಪವನ್ನು ಮುಟ್ಟಿದ್ದು ಅವನ ಬಾಳಿನಲ್ಲೇ ಮೊದಲು. ಹೆಮ್ಮೆಯಿಂದ ಹಿಂದೆ ತಿರುಗಿ ನೋಡಿದ.

ಮಂಜಿನೊಳಗಿಂದ ಸಾಲಾಗಿ ಹನ್ನೊಂದು ದೋಣಿ ಬರುತ್ತಿದ್ದವು. ಅವನ ಕ್ಯಾಮೆರಾ ದಾರಿ ತೋರಿಸಿದರೆ ಅವನ ದೋಣಿಯ ಹಿಂದಿನ ದೀಪ ಇವರಿಗೆಲ್ಲ ದಾರಿ ತೋರಿಸಿತ್ತು. ಮೊದಲನೆಯದರಲ್ಲಿ ಹಿಲ್ಮಾರ್. ಎರಡನೆಯದರಲ್ಲಿ ಯೋರುನ್, ರಜೆ ಹಾಕಿ ಬಂದಿದ್ದಳು. ಮೂರನೆಯದರಲ್ಲಿ ಪೆಟ್ರಾ, ಸುರುಳಿ ಕೂದಲಿನ ಮೇಲೆ ಮಳೆಟೋಪಿ. ಆರನೆಯದರಲ್ಲಿ ಈ ಕಥೆ ಹೇಳುವವನು ಇದ್ದ, ಮಡಿಲಲ್ಲಿ ನಾಲ್ಕು ಬಕೆಟ್ಟು. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಿದ್ದೇನೆ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಎಲ್ಲರೂ ಸುಮ್ಮನೆ ಗಾಳಿಗೆ ಬಂದವರು.

"ದಯವಿಟ್ಟು," ಎಂದ ಒಡ್ವಾರ, ದಡದಲ್ಲಿ ಎರಡೂ ಕೈ ಅಗಲಿಸಿ ನಿಂತು. "ಇದು ಅತ್ತೇದು. ನಂಬಿ ಹೇಳಿದ್ರು."

ಒಂದು ಕ್ಷಣ ನಮಗೆಲ್ಲ ನಾಚಿಕೆಯಾಯಿತು. ಆಮೇಲೆ ಪೆಟ್ರಾ ಅವನ ಕಂಕುಳ ಕೆಳಗಿಂದ ನುಸುಳಿ ಗುಡ್ಡ ಹತ್ತಿದಳು. ಸೊಂಟ ನೋವಿನ ಹೆಂಗಸು ಆಡು ಹತ್ತಿದ ಹಾಗೆ ಹತ್ತಿದಳು. ಆಮೇಲೆ ನಾಚಿಕೆಗೆ ಅಲ್ಲಿ ಜಾಗ ಉಳಿಯಲಿಲ್ಲ. ಮೂವತ್ತು ಜನ, ಅರವತ್ತು ಬಕೆಟ್ಟು, ಎಲ್ಲರ ಹಿಂದೆ ಅಳುಮೋರೆಯ ಒಡ್ವಾರ.

ಮೇಲೆ ಹೋದಾಗ ಮಂಜು ಸರಿಯಿತು. ಜೌಗಿನ ಉದ್ದಗಲಕ್ಕೂ ಬೆಳ್ಳಗೆ ಹತ್ತಿಹುಲ್ಲು ತೂಗುತ್ತಿತ್ತು. ಹತ್ತಿಹುಲ್ಲು, ಬರೀ ಹತ್ತಿಹುಲ್ಲು. ನಮ್ಮ ಕಡೆ ಮೂರು ವರ್ಷದ ಮಗುವೂ ಅದನ್ನು ಹೂವು ಎನ್ನುವುದಿಲ್ಲ. ಎಲ್ಲರೂ ಮೊಣಕಾಲವರೆಗೆ ಇಳಿದು ಒಂದು ಗಂಟೆ ಹುಡುಕಿದೆವು. ಯೋರುನ್ ಒಂದೇ ಒಂದು ಮುಲ್ತೆ ಎಲೆ ಕಂಡುಹಿಡಿದಳು, ಹಣ್ಣಿರಲಿಲ್ಲ. ಹಿಲ್ಮಾರ್ ಒಂದು ಬೂಟು ಕಳೆದುಕೊಂಡ. ಮೂರು ಮೀಟರ್ ದೋಣಿಮನೆ ಹೋಯಿತು, ಈಗ ಬೂಟೂ ಹೋಯಿತು ಎಂದು ಅವನು ಒಡ್ವಾರನನ್ನು ನೋಡಿದ ನೋಟ ನೋಡಿ ನಾವೆಲ್ಲ ಬೇರೆ ಕಡೆ ತಿರುಗಿದೆವು. ಒಡ್ವಾರನಿಗೆ ಮಾತ್ರ ಸಂತೋಷಕ್ಕೆ ಕಾಲು ನಿಲ್ಲಲಿಲ್ಲ. ಗುಟ್ಟು ಉಳಿಯಿತು, ಅತ್ತೆಯ ಹಣ್ಣು ಉಳಿಯಿತು ಎಂದು ಕೆಸರಿನಲ್ಲೇ ಕೂತು ನಕ್ಕ. ನಗುತ್ತಿದ್ದವನು ನಡುವೆಯೇ ನಿಲ್ಲಿಸಿದ. ಹಾಗಾದರೆ ಅತ್ತೆ ತನಗೆ ಹೇಳಿದ್ದೇನು?

ಹನ್ನೆರಡು ದೋಣಿಗಳೂ ಖಾಲಿ ಬಕೆಟ್ಟುಗಳ ಸದ್ದು ಮಾಡುತ್ತ ಮೋಲ್ವಿಕ್‌ಗೆ ಬಂದಾಗ ಮಧ್ಯಾಹ್ನ. ದಕ್ಕೆಯ ಕಲ್ಲಿನ ಮೇಲೆ ಬೋರ್ಗಿಲ್ಡರು ಕೂತು ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದರು. ಪಕ್ಕದಲ್ಲಿ ಏಳು ಬಕೆಟ್ಟು, ಏಳೂ ಅಂಚಿನವರೆಗೆ ಕೇಸರಿ ಬಣ್ಣ. ನಾವು ಒಬ್ಬೊಬ್ಬರಾಗಿ ಅವರೆದುರು ಹಾದುಹೋದೆವು. ಒಳ್ಳೆಯ ಗಾಳಿ ಇತ್ತಾ ಎಂದು ಎಲ್ಲರನ್ನೂ ವಿಚಾರಿಸಿದರು. ಇತ್ತು ಎಂದೆವು. ಒಂದು ಕಾಲಿನಲ್ಲಿ ಕಾಲುಚೀಲ ಮಾತ್ರ ಇದ್ದ ಹಿಲ್ಮಾರನೂ ಇತ್ತು ಎಂದ.

ಒಡ್ವಾರ ಕೊನೆಯಲ್ಲಿ ಬಂದು ಎದುರು ನಿಂತ. ಮುಖದ ತುಂಬ ಕೆಸರು.

"ಮೂವತ್ತು ವರ್ಷದಿಂದ ನಾನು ಹಗ್ಗ ಬಿಚ್ಚಿದ್ರೆ ಹಿಂದೆ ಮೂರು ದೋಣಿ ಬರ್ತಿದ್ವು," ಎಂದರು ಬೋರ್ಗಿಲ್ಡರು. "ಸುತ್ತಿ ಬಳಸಿ ತಪ್ಪಿಸ್ಕೊಂಡು ಹೋಗೋಷ್ಟ್ರಲ್ಲಿ ಅರ್ಧ ಹಣ್ಣು ಹಕ್ಕಿ ಪಾಲು. ಇವತ್ತು ನೆಮ್ಮದಿಯಾಗಿ ಕಿತ್ತೆ ನೋಡು. ಇಡೀ ಊರು ನಿನ್ನ ಬಿಳೀ ಡಬ್ಬದ ಹಿಂದೆ ಹೋಗಿತ್ತು."

"ನನಗೆ ಸುಳ್ಳು ಹೇಳಿದ್ರಾ ಅತ್ತೆ?"

"ಮೊದ್ಲು ಸುಳ್ಳು ಜಾಗ ಹೇಳ್ಬೇಕು. ಒಂದು ಬೇಸಿಗೆ ಅದು ಹೊಟ್ಟೇಲಿ ಉಳಿದ್ರೆ ಆಮೇಲೆ ನಿಜದ್ದು. ಗುನ್ವೋರ್ ಅಪ್ಪನಿಗೂ ಹೀಗೇ ಮಾಡಿದ್ದೆ." ಲೋಟದ ತಳದ ಕಾಫಿಯನ್ನು ನೀರಿಗೆ ಚೆಲ್ಲಿದರು. "ಇವತ್ತು ನಿನ್ನ ಹಿಂದೆ ಒಂದೂ ದೋಣಿ ಬರ್ದೇ ಇದ್ದಿದ್ರೆ, ಆರು ಗಂಟೆಗೆ ನಾನೇ ಸ್ಕಾರ್ವ್‌ಗೆ ಬಂದು ನಿನ್ನನ್ನ ಕರ್ಕೊಂಡು ಹೋಗ್ತಿದ್ದೆ. ಎರಡು ಬಕೆಟ್ಟು ಜಾಸ್ತಿ ತಗೊಂಡಿದ್ದೆ."

ಒಡ್ವಾರ ನೋಡಿದ. ಏಳು ತುಂಬಿದ ಬಕೆಟ್ಟುಗಳ ಹಿಂದೆ ಎರಡು ಖಾಲಿ ಬಕೆಟ್ಟು, ಒಂದರೊಳಗೆ ಒಂದು. ಅವನಿಗೆ ನಿಜಕ್ಕೂ ಅಳು ಬಂತು, ಈ ಸಲ ಹೂವಿಗಲ್ಲ.

"ಗುನ್ವೋರ್ ಅಪ್ಪ ಎಷ್ಟನೇ ಸಲಕ್ಕೆ ಪಾಸಾದ್ರು?" ಎಂದು ಕಡೆಗೆ ಕೇಳಿದ.

"ಏಳನೇ ಸಲಕ್ಕೆ. ಅವ್ರು ಇಲ್ಲಿಯವ್ರು," ಎಂದರು. ಮೊಣಕಾಲಿಗೆ ಕೈಯೂರಿ ಎದ್ದರು. "ಮುಂದಿನ ವರ್ಷ ಇನ್ನೊಂದು ಜಾಗ ಹೇಳ್ತೀನಿ. ಈಗ ಬಕೆಟ್ಟು ಎತ್ತು."

"ಅದು ನಿಜದ ಜಾಗಾನೋ, ಸುಳ್ಳಿಂದೋ?"

ಅತ್ತೆ ಮೂರು ಬಕೆಟ್ಟು ತಾವೇ ಎತ್ತಿಕೊಂಡು ಮನೆಯ ದಾರಿ ಹಿಡಿದರು. ಒಡ್ವಾರ ಎರಡು ಕೈಗೆ ನಾಲ್ಕು ಬಕೆಟ್ಟು ಸಿಕ್ಕಿಸಿಕೊಂಡು ಹಿಂದೆ ನಡೆದ. ಹಣ್ಣಿನ ಪರಿಮಳ ಮೂಗಿಗೆ ಬಡಿಯುತ್ತಿತ್ತು. ಆಗ ಅವನಿಗೆ ಆ ಬೇಸಿಗೆಯ ಮೊದಲ ಬುದ್ಧಿಯ ಮಾತು ಹೊಳೆಯಿತು: ಯಾವ ದ್ವೀಪದ ಜೌಗು ಎಂಬುದನ್ನು ಕೆಸರಿನ ಬಣ್ಣವೇ ಹೇಳುತ್ತದೆ, ಭೂಗೋಳದ ಮೇಷ್ಟರಿಗೆ ಅಷ್ಟು ತಿಳಿಯದೆ? ಉಸಿರು ಬಿಗಿ ಹಿಡಿದು, ಬಗ್ಗಿ, ಮುಂದೆ ನಡೆಯುತ್ತಿದ್ದ ಅತ್ತೆಯ ಬೂಟುಗಳನ್ನು ನೋಡಿದ.

ಅತ್ತೆ ಬೂಟು ತೊಳೆದುಕೊಂಡೇ ಬಂದಿದ್ದರು.